ಕಣಿವೆಯಾಚೆಯ ಕಿತ್ತಳೆ

ಲಾರಿ ಓಡಿಸುವವನಿಗೆ ಅದೊಂದು ತಮಾಷೆ. ಖಾಲಿ ಪೆಟ್ಟಿಗೆಗಳನ್ನೆಲ್ಲ ಇಳಿಸಿ, ಪ್ಯಾಕಿಂಗ್ ಶೆಡ್ಡಿನ ಬಾಗಿಲಿಗೆ ಒರಗಿ ನಿಂತು, ಜೇಬಿನಿಂದ ಒಂದು ಕಿತ್ತಳೆ ತೆಗೆದು ಹದ್ದಕ್ಕನತ್ತ ಎಸೆದ.

"ಹಿಡೀರಿ ಅಕ್ಕ. ನಿಮ್ಮ ಹಣ್ಣನ್ನ ನಿಮಗೇ ತಂದುಕೊಟ್ಟಿದೀನಿ. ಹೆಂಗಿದೆ ಹೇಳಿ."

ಹದ್ದಕ್ಕ ಒಂದೇ ಕೈಯಲ್ಲಿ ಹಿಡಿದಳು. ಸಾಲಾಗಿ ಕೂತು ಹಣ್ಣು ಆರಿಸುವ ಹೆಂಗಸರಿಗೆಲ್ಲ ಅವಳೇ ಮೇಸ್ತ್ರಿ. ಆ ಹೆಸರು ಬಂದದ್ದು ಅವಳ ಕಣ್ಣಿನಿಂದ. ಉರುಳಿಕೊಂಡು ಹೋಗುತ್ತಿರುವ ಹಣ್ಣುಗಳಲ್ಲಿ ಯಾವುದೋ ಒಂದರ ಹಿಂಬದಿಗೆ ಉಗುರು ತಾಗಿದ್ದರೂ ಸಾಕು, ಶೆಡ್ಡಿನ ಆ ತುದಿಯಿಂದ "ಏಯ್, ಅದನ್ನ ತೆಗಿ!" ಎಂದು ಕೂಗುತ್ತಿದ್ದಳು. ಹಣ್ಣಿನ ಹಿಂಬದಿ ಅವಳಿಗೆ ಹೇಗೆ ಕಾಣುತ್ತಿತ್ತೋ ದೇವರೇ ಬಲ್ಲ. ಮನುಷ್ಯರ ಹಿಂಬದಿಯೂ ಕಾಣುತ್ತೆ ಎಂದು ಹೆಂಗಸರು ಅವಳ ಬೆನ್ನ ಹಿಂದೆ ನಗುತ್ತಿದ್ದರು. ಅದೂ ಅವಳಿಗೆ ಗೊತ್ತಿತ್ತು.

ಹಣ್ಣನ್ನು ಒಂದು ಸುತ್ತು ತಿರುಗಿಸಿದಳು. ತೊಟ್ಟಿನ ಸುತ್ತ ಎದ್ದುನಿಂತ ಸಣ್ಣ ಕಾಲರು, ಮೈಗೆ ಅಂಟದೆ ಸಡಿಲವಾಗಿ ನಿಂತ ತೆಳು ಸಿಪ್ಪೆ. ಸುಲಿದಳು. ಒಂದು ತೊಳೆ ಬಿಡಿಸಿ ಬಾಯಿಗಿಟ್ಟಳು. ಬೀಜವಿಲ್ಲ. ನಾಲಿಗೆಗೆ ಮೊದಲು ಸಿಹಿ, ಆಮೇಲೆ ಚುರುಕ್ಕೆನ್ನುವ ಹುಳಿ.

"ಎಲ್ಲಿ ಸಿಕ್ತು ಇದು?"

"ಗುಡ್ಡದ ಆಚೆ, ಮಾರ್ಕೆಟ್ಟಲ್ಲಿ."

"ನಮ್ಮ ಪೆಟ್ಟಿಗೆಯಿಂದ ತೆಗೆದಿದ್ದಾ?"

"ಪೆಟ್ಟಿಗೆ ಎಲ್ಲಿಂದ ಬರ್ಬೇಕು? ಗೋಣಿಚೀಲದಲ್ಲಿ ತಂದು ನೆಲಕ್ಕೆ ಸುರಿದಿದ್ರು. ಅಲ್ಲೇ ಬೆಳೆದದ್ದಂತೆ. ಯಾಕಕ್ಕ, ಮುಖ ಯಾಕೆ ಹಂಗಾಯ್ತು?"

ಮುಖ ಹಾಗಾಗದೆ ಇನ್ನೇನಾಗಬೇಕು? ಈ ಕಣಿವೆ ಮೊದಲು ಹೇಗಿತ್ತು ಎಂದು ಈಗಿನ ಮಕ್ಕಳಿಗೆ ಹೇಳಿದರೆ ಕಿಸಕ್ಕನೆ ನಗುತ್ತವೆ. ಕಲ್ಲು, ಮುಳ್ಳು, ಮೇಕೆ. ಮೈಯಲ್ಲಿ ಕಸುವಿದ್ದ ಗಂಡಸರೆಲ್ಲ ಎಲ್ಲೆಲ್ಲೋ ಕೂಲಿಗೆ ಹೋಗುತ್ತಿದ್ದರು. ಕಸುವು ಮುಗಿದ ಮೇಲೆ ಕೆಮ್ಮುತ್ತ ವಾಪಸು ಬರುತ್ತಿದ್ದರು. ಹೆರಿಗೆ ನೋವು ಬಂದ ಹೆಂಗಸನ್ನು ಮಂಚದ ಮೇಲೆ ಹೊತ್ತು ಗುಡ್ಡ ದಾಟಿಸಬೇಕಿತ್ತು. ಹದ್ದಕ್ಕನ ತಾಯಿ ತೀರಿಕೊಂಡದ್ದು ಹಾಗೆ ಗುಡ್ಡದ ಅರ್ಧ ದಾರಿಯಲ್ಲೇ. ಹೊಟ್ಟೆಯಲ್ಲಿದ್ದ ಗಂಡುಮಗು ಮಾತ್ರ ಉಳಿಯಿತು. ಆ ಮಗುವನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ.

ಆಮೇಲೆ ಯಾರದೋ ಹಿತ್ತಿಲಲ್ಲಿ ಒಂದು ಮರ ಬೀಜವಿಲ್ಲದ ಹಣ್ಣು ಬಿಟ್ಟಿತು. ಅಷ್ಟೇ ನೋಡಿ, ಕಣಿವೆಯ ಹಣೆಬರಹವೇ ಬದಲಾಯಿತು. ಇಳಿಜಾರು ಪೂರ್ತಿ ಕಿತ್ತಳೆ. ಸಂಘ ಆಯಿತು, ಶೆಡ್ಡು ಆಯಿತು. ಪ್ರತಿ ಪೆಟ್ಟಿಗೆಯ ದುಡ್ಡಿನಿಂದ ಒಂದಿಷ್ಟು ತೆಗೆದಿಟ್ಟು ಮನೆಮನೆಗೆ ನಲ್ಲಿ, ಶಾಲೆಗೆ ಮಹಡಿ, ಬಿಳಿ ಹೆಂಚಿನ ಆಸ್ಪತ್ರೆ ಎಲ್ಲ ಬಂದವು. ಕಡೆಗೆ ಒಬ್ಬ ಹಲ್ಲಿನ ಡಾಕ್ಟರೂ ಬಂದ. ಹಿಂದೆ ಹಲ್ಲು ನೋವೆಂದರೆ ಬಾಗಿಲಿಗೆ ದಾರ ಕಟ್ಟಿ ಎಳೆಯುತ್ತಿದ್ದ ಜನ ಈಗ ಅವನ ಗಾಜಿನ ಬಾಗಿಲ ಮುಂದೆ ಕುರ್ಚಿಯಲ್ಲಿ ಕೂತು ಪತ್ರಿಕೆ ತಿರುವಿ ಹಾಕುತ್ತಿದ್ದರು. ಶೆಡ್ಡಿನ ಹೆಂಗಸರ ಕೈಯಲ್ಲಿ ಅವರದೇ ಸಂಬಳ. ಗಂಡಂದಿರು ದನಿ ತಗ್ಗಿಸಿ ಮಾತಾಡುವುದನ್ನು ಕಲಿತಿದ್ದರು.

ಈ ಹೊತ್ತಿಗೆ ಹದ್ದಕ್ಕನೂ ಸಣ್ಣ ಆಸಾಮಿಯಲ್ಲ. ಕಣಿವೆಯ ಪೆಟ್ಟಿಗೆಗೆ ಆ ಚೆಂದ ತಂದವಳೇ ಅವಳು. ಪೇರಿಸಿದ ಹಣ್ಣಿನ ಮೇಲೆ ಕೊನೆಗೊಂದು ಹಸಿರು ಎಲೆಗೊಂಚಲು ಇಟ್ಟು ಮುಚ್ಚಳ ಬಡಿಯುವುದು ಅವಳ ಉಪಾಯ. ದೂರದ ವ್ಯಾಪಾರಿಗಳು ಅದನ್ನು ನೋಡಿಯೇ ಕಣಿವೆಯ ಮಾಲು ಎಂದು ಗುರುತು ಹಿಡಿಯುತ್ತಿದ್ದರು. ಸಂಘದ ಅಧ್ಯಕ್ಷರು ತುಂಬಿದ ಸಭೆಯಲ್ಲಿ ಅವಳನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದ್ದರು.

ಆದರೆ ಬದುಕು ಹಸನಾದ ಮೇಲೆ ಭಯವೂ ಬಂತು. ಇಷ್ಟೆಲ್ಲ ನಿಂತಿರುವುದು ಒಂದು ಮರದ ಮೇಲೆ. ಆ ಮರ ಬೇರೆಯವರ ಕೈಗೆ ಸಿಕ್ಕಿದರೆ? ಹಣ್ಣಿನಲ್ಲಿ ಬೀಜವಿಲ್ಲ, ಆದ್ದರಿಂದ ತಿಂದು ಉಗಿದ ಕಡೆ ಗಿಡವಾಗುವುದಿಲ್ಲ. ಒಳ್ಳೆಯ ಮರದ ಬಲಿತ ರೆಂಬೆಯಿಂದ ಒಂದು ಪುಟ್ಟ ಮೊಗ್ಗನ್ನು ಸಿಪ್ಪೆ ಸಮೇತ ಎಬ್ಬಿಸಿ, ಕಾಡು ನಿಂಬೆಯ ಸಸಿಗೆ ಸೇರಿಸಿ ಕಟ್ಟಬೇಕು. ಕಸಿಯವರು ಆ ಮೊಗ್ಗನ್ನು ಕಣ್ಣು ಎನ್ನುತ್ತಾರೆ. ಹಾಗಾಗಿ ಸಂಘದವರು ರೆಂಬೆಗೆ ಕಾವಲು ಹಾಕಿದರು. ಸವರಿದ ಕೊಂಬೆಗಳನ್ನು ಕಾವಲುಗಾರನ ಎದುರಿಗೇ ಸುಡಬೇಕು. ಕಸಿ ಚಾಕು ಸಂಜೆಗೆ ಸಂಘದ ಕಪಾಟು ಸೇರಬೇಕು. ಹಿತ್ತಿಲಿಗೆ ಬೇಲಿ ಬಂತು, ಬೇಲಿಗೆ ನಾಯಿ ಬಂತು. ಮೊದಲು ಉಪ್ಪು ಸಾಲ ಕೇಳಲು ಹಿತ್ತಿಲಿಂದಲೇ ನುಗ್ಗುತ್ತಿದ್ದವರು ಈಗ ಮುಂಬಾಗಿಲ ಗಂಟೆ ಒತ್ತಿ ಕಾಯುತ್ತಿದ್ದರು.

ಇಷ್ಟು ಬಂದೋಬಸ್ತು ಮಾಡಿದ ಮೇಲೂ ಕಣಿವೆಯಾಚೆ ಕಿತ್ತಳೆ!

ಹದ್ದಕ್ಕ ಸಿಪ್ಪೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಅಧ್ಯಕ್ಷರ ಬಳಿ ಹೋದಳು. ಅಧ್ಯಕ್ಷರು ಕೂದಲು ನೀಟಾಗಿ ಹಿಂದಕ್ಕೆ ಬಾಚಿದ ಸಮಾಧಾನದ ಮನುಷ್ಯ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವರು. ಸಿಪ್ಪೆ ಮೂಸಿ ನೋಡಿ ಒಂದೇ ಮಾತು ಹೇಳಿದರು: "ಯಾರೋ ಮನೆಯೊಳಗಿನವರೇ."

ಆ ಮಾತು ಕಾಡ್ಗಿಚ್ಚಿನ ಹಾಗೆ ಹರಡಿತು. ಕಣ್ಣು ತೆಗೆಯಲು ಬರುವವರು ಯಾರು? ಕಸಿಯವರು. ಕಣಿವೆಯಲ್ಲಿ ಕಸಿಯವರು ಬೆರಳೆಣಿಕೆಯಷ್ಟು. ಒಬ್ಬ ಮುದುಕ, ಕಣ್ಣೇ ಮಂಜು. ಇನ್ನೊಬ್ಬ ಅಧ್ಯಕ್ಷರ ಅಳಿಯ, ಅವನ ಮೇಲೆ ಸಂಶಯಪಡಲು ಯಾರಿಗೆ ಧೈರ್ಯ? ಉಳಿದವರಲ್ಲಿ ಎಲ್ಲರಿಗಿಂತ ಕೈ ಚುರುಕಿನವನು ಹದ್ದಕ್ಕನ ತಮ್ಮ. ಅವನು ಕಟ್ಟಿದ ಕಣ್ಣು ಹಿಡಿಯದೆ ಹೋದದ್ದೇ ಇಲ್ಲ ಎಂದು ಹೊಗಳುತ್ತಿದ್ದ ಬಾಯಿಗಳೇ ಈಗ, "ಕೈ ಚುರುಕು ಅಂದ್ರೆ ಚುರುಕೇ" ಎಂದು ರಾಗ ಎಳೆದವು.

ಹದ್ದಕ್ಕನಿಗೆ ಮೈ ಉರಿಯಿತು. "ನಾನು ಸಾಕಿದ ಮಗು ಅವನು. ಅವನ ತಂಟೆಗೆ ಬಂದ್ರೆ ಹಲ್ಲು ಉದುರಿಸ್ತೀನಿ. ಹೇಗೂ ಕಟ್ಟಿಸಿಕೊಡೋಕೆ ಡಾಕ್ಟರಿದಾನಲ್ಲ!" ಎಂದು ಶೆಡ್ಡಿನಲ್ಲಿ ಕೂಗಾಡಿದಳು.

ಕೂಗಾಡಿದ್ದೇನೋ ನಿಜ. ಆದರೆ ಮನೆಗೆ ಹೋಗುವ ದಾರಿಯಲ್ಲಿ ಅವಳ ಕಣ್ಣು ತನ್ನ ಕೆಲಸ ಶುರುಮಾಡಿತು. ತಮ್ಮ ಇತ್ತೀಚೆಗೆ ಎರಡು ಮೂರು ಸಲ ಬೆಳಗ್ಗೆ ಬಸ್ಸು ಹತ್ತಿ ಗುಡ್ಡದಾಚೆ ಹೋಗಿದ್ದ. ಕೇಳಿದಾಗ ಚಾಕು ಸಾಣೆ ಹಿಡಿಸಲು ಎಂದಿದ್ದ. ಚಾಕು ಇರುವುದೇ ಸಂಘದ ಕಪಾಟಿನಲ್ಲಿ! ಅಂದು ಕೇಳಿದಾಗ ಅದು ಹೊಳೆದಿರಲಿಲ್ಲ. ಜೊತೆಗೆ ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದ. ಸಾಣೆಗೆ ಹೆಂಡತಿ ಯಾಕೆ? ವಾಪಸು ಬಂದಾಗ ಇಬ್ಬರ ಮುಖದಲ್ಲೂ ಏನೋ ಒಂದು ಬಗೆಯ ಗುಟ್ಟು.

ಗಂಡ ಎಂದೋ ತೀರಿಕೊಂಡಿದ್ದ, ಮಕ್ಕಳಿಲ್ಲ. ಹದ್ದಕ್ಕನಿಗೆ ಇದ್ದ ಸಂಸಾರವೆಲ್ಲ ಗೋಡೆಯಾಚೆಯ ತಮ್ಮನ ಮನೆ. ಆ ಗೋಡೆಗೆ ಈಗ ಅವಳು ಕಿವಿಗೊಟ್ಟು ಕೂತಳು. ಥೂ, ಇದೇನು ಬುದ್ಧಿ ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡು ಮತ್ತೆ ಕಿವಿಗೊಟ್ಟಳು. ಆಚೆ ಪಿಸುಮಾತು. ತಮ್ಮನ ಹೆಂಡತಿ ಅಂದಳು, "ಅಕ್ಕನಿಗೆ ಮಾತ್ರ ಹೇಳ್ಬೇಡಿ." ಅವನು ಹೂಂ ಎಂದ.

ಮಾರನೇ ದಿನ ಬಾವಿಗೆ ಹಗ್ಗ ಇಳಿಬಿಟ್ಟ ಹಾಗೆ ಮೆಲ್ಲಗೆ ಕೇಳಿದಳು. "ಏನೋ ತಮ್ಮ, ಗುಡ್ಡದಾಚೆ ಸಾಣೆಯವನು ಚೆನ್ನಾಗಿ ಹಿಡಿದ್ನಾ?"

"ಹೂಂ, ಚೆನ್ನಾಗಿದೆ."

"ಚಾಕು ಕಪಾಟಲ್ಲಿತ್ತಲ್ಲೋ?"

ಅವನು ತಟ್ಟೆಯಿಂದ ಮುಖ ಎತ್ತಲಿಲ್ಲ. "ಮನೆ ಚಾಕು ಅಕ್ಕ. ಅಡಿಗೆದು."

ಸುಳ್ಳು. ಅಡಿಗೆ ಚಾಕು ಅವಳ ಕಣ್ಣೆದುರಿಗೇ ಇತ್ತು, ಮೊಂಡು ಬಾಯಿ ಬಿಟ್ಟುಕೊಂಡು.

ಸಂಘದ ಸಭೆ ಶೆಡ್ಡಿನಲ್ಲೇ ಸೇರಿತು. ಅಧ್ಯಕ್ಷರು ಒಬ್ಬೊಬ್ಬ ಕಸಿಯವನನ್ನೂ ನಿಲ್ಲಿಸಿ ಕೇಳಿದರು. ತಮ್ಮನ ಸರದಿ ಬಂದಾಗ ಅವನು, "ಊರು ಬಿಟ್ಟು ಎಲ್ಲೂ ಹೋಗಿಲ್ಲ" ಎಂದುಬಿಟ್ಟ. ಜನ ಹದ್ದಕ್ಕನ ಕಡೆ ತಿರುಗಿದರು. ಅವಳು ಸುಮ್ಮನಿರಬಹುದಿತ್ತು. ಆದರೆ ಉಗುರು ತಾಗಿದ ಹಣ್ಣನ್ನು ಪೆಟ್ಟಿಗೆಗೆ ಹೋಗಲು ಬಿಟ್ಟ ಜೀವವೇ ಅಲ್ಲ ಅದು. ಪಕ್ಷಪಾತ ಮಾಡಿದಳು ಎನ್ನಿಸಿಕೊಳ್ಳುವ ಭಯ ಬೇರೆ. ಎದ್ದು ನಿಂತಳು.

"ಹೋಗಿದಾನೆ. ನನಗೂ ಸುಳ್ಳು ಹೇಳಿದಾನೆ."

ತಮ್ಮ ಅವಳನ್ನು ನೋಡಿದ. ಹಿಂದೆ ಕೂತಿದ್ದ ಅವನ ಹೆಂಡತಿ ಎದ್ದಳು.

"ಹೋಗಿದ್ದು ನನಗೋಸ್ಕರ. ನನಗೆ ಎರಡು ಸಲ ಹೊಟ್ಟೆಯಲ್ಲೇ ಹೋಯ್ತು. ಈಗ ಮತ್ತೆ ನಿಂತಿದೆ. ಆಚೆ ಒಬ್ಬರು ಡಾಕ್ಟರಮ್ಮ ಇದಾರೆ, ಅವರಿಗೆ ತೋರಿಸೋಕೆ ಹೋಗಿದ್ವಿ. ಯಾರಿಗೂ ಹೇಳ್ಬೇಡಿ ಅಂತ ನಾನೇ ಹೇಳಿದ್ದೆ. ಇಲ್ಲಿ ಆಸ್ಪತ್ರೆಗೆ ಹೋದ್ರೆ ಸಂಜೆಗೆ ಊರಿಗೆಲ್ಲ ಗೊತ್ತಾಗುತ್ತೆ. ಈ ಸಲವೂ ಹೋದ್ರೆ ಎಲ್ಲರ ಅಯ್ಯೋ ಪಾಪ ಕೇಳೋ ಶಕ್ತಿ ನನಗಿಲ್ಲ."

ಹದ್ದಕ್ಕನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸಭೆ ಮಾತ್ರ ಕರಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ತೋಟದವನೊಬ್ಬ ಕಾಲ ಮೇಲೆ ಕಾಲು ಹಾಕಿಕೊಂಡು ಕೇಳಿದ: "ಯಾಕಮ್ಮ, ಕಿತ್ತಳೆ ದುಡ್ಡಲ್ಲಿ ಅಷ್ಟು ದೊಡ್ಡ ಆಸ್ಪತ್ರೆ ಕಟ್ಟಿಸಿದೀವಿ. ಅದು ನಿಮಗೆ ಸಾಲ್ದೇ ಹೋಯ್ತಾ?" ಹಲವರು ಹೌದೌದು ಎಂದರು. ನೆವ ಚೆನ್ನಾಗಿದೆ ಎಂದು ಯಾರೋ ಗೊಣಗಿದರು. ತಮ್ಮನಿಗೆ ಇನ್ನು ಚಾಕು ಕೊಡಕೂಡದು ಎಂದಾಯಿತು. ಕಣಿವೆಯಿಂದ ಹೊರಹಾಕಬೇಕೋ ಬೇಡವೋ ಎಂಬುದು ಆಮೇಲೆ. ಮೊದಲು ಹದ್ದಕ್ಕ ಆಚೆ ಹೋಗಿ, ಆ ಮರ ನಮ್ಮದೇ ಹೌದೋ ಅಲ್ಲವೋ ಕಣ್ಣಾರೆ ನೋಡಿಕೊಂಡು ಬರಲಿ. ಕಣ್ಣು ಕೊಟ್ಟವರು ಯಾರೆಂದು ಬಾಯಿ ಬಿಡಿಸಿಕೊಂಡು ಬರಲಿ.

ಲಾರಿಯವನ ಪಕ್ಕ ಕೂತು ಹದ್ದಕ್ಕ ಗುಡ್ಡ ದಾಟಿದಳು. ದಾರಿಯುದ್ದಕ್ಕೂ ಅವಳ ಮನಸ್ಸಿನಲ್ಲಿ ಒಂದೇ ಹಂಬಲ: ಬೇರೆ ಯಾರದೋ ಹೆಸರು ಬರಲಿ. ಯಾರದಾದರೂ ಸರಿ. ಅಧ್ಯಕ್ಷರ ಅಳಿಯನದೇ ಬಂದರೆ ಇನ್ನೂ ಒಳ್ಳೆಯದು. ಅದರ ಅಡಿಯಲ್ಲೇ ಇನ್ನೊಂದು ಯೋಚನೆ ಹುಳುವಿನ ಹಾಗೆ ಕೊರೆಯುತ್ತಿತ್ತು: ಡಾಕ್ಟರಮ್ಮನ ಹತ್ತಿರ ಹೋದದ್ದು ನಿಜವೇ ಇರಲಿ, ಹೋದವನು ಬರಿಗೈಯಲ್ಲೇ ಹೋಗಿದ್ದ ಎಂದು ಹೇಗೆ ನಂಬುವುದು?

ಆಚೆಯ ಊರು ಒಂದು ಕಾಲದ ಕಣಿವೆಯ ಹಾಗೇ ಇತ್ತು. ದೂಳು, ತಗಡಿನ ಮಾಡು, ಬೀದಿ ನಲ್ಲಿಯ ಮುಂದೆ ಕೊಡಗಳ ಸಾಲು. ಆದರೆ ಸಾಲಿನ ಪಕ್ಕದಲ್ಲೇ ಹೊಸ ಗೋಡೆಯೊಂದು ಏಳುತ್ತಿತ್ತು, ಇಟ್ಟಿಗೆ ಇನ್ನೂ ಹಸಿ. ಶಾಲೆಗಂತೆ. ಮಾರ್ಕೆಟ್ಟಿನವರು ತೋರಿಸಿದ ದಾರಿಯಲ್ಲಿ ಹೋದರೆ ಒಂದು ಸಸಿಮಡಿ. ಹಸಿರು ಬಲೆಯ ಕೆಳಗೆ ಚೀಲಗಳಲ್ಲಿ ಸಾಲುಸಾಲು ಸಸಿ. ನಡುವೆ ಪೈಪು ಹಿಡಿದು ನೀರು ಬಿಡುತ್ತಿದ್ದ ಒಬ್ಬ ಮುದುಕ, ಬಾಯಲ್ಲಿ ಮುಂದಿನ ಹಲ್ಲಿಲ್ಲ.

ಹದ್ದಕ್ಕ ಮರಗಳನ್ನು ನೋಡಿದಳು. ಮುಟ್ಟಿ ನೋಡುವ ಅಗತ್ಯವೇ ಇರಲಿಲ್ಲ. ನೆಂಟರ ಮಗುವನ್ನು ಗುರುತು ಹಿಡಿದ ಹಾಗೆ ಗುರುತು ಹಿಡಿದಳು.

"ಇದರ ಕಣ್ಣು ನಿಮಗೆ ಯಾರು ತಂದುಕೊಟ್ರು?" ಎಂದಳು. "ನಿಜ ಹೇಳಿ. ಸಣ್ಣ ಮೈಯವನು, ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತೆ, ಅವನಾ?"

ಮುದುಕ ಪೈಪನ್ನು ನೆಲಕ್ಕಿಟ್ಟ. "ಯಾವ ಗುಳಿಯವನು? ಯಾರೂ ತಂದುಕೊಡ್ಲಿಲ್ಲವಲ್ಲಮ್ಮ. ನೀವೇ ಕಳಿಸಿದ್ದು."

"ನಾವಾ?"

"ಮತ್ತೆ? ಕಣಿವೆಯವರಲ್ವಾ ನೀವು? ಮೊಮ್ಮಗಳಿಗೆ ಜ್ವರ ಬಂದಿತ್ತು, ಏನು ಕೊಟ್ರೂ ಬೇಡ ಅಂತಿದ್ಲು. ದುಡ್ಡು ಹಾಳಾಗಿ ಹೋಗ್ಲಿ ಅಂತ ನಿಮ್ಮದೊಂದು ಪೆಟ್ಟಿಗೆ ತಂದೆ. ಮುಚ್ಚಳ ಕಿತ್ರೆ ಮೇಲುಗಡೆನೇ ಒಂದು ರೆಂಬೆ! ಒಳ್ಳೇ ಬಲಿತ ರೆಂಬೆ, ದಪ್ಪ ದಪ್ಪ ಕಣ್ಣು. ಬಾಡದಿರ್ಲಿ ಅಂತ ಬುಡಕ್ಕೆ ಒದ್ದೆ ಹತ್ತಿ ಬೇರೆ ಸುತ್ತಿದ್ರಿ. ನಾನು ನನ್ನ ಮನೆಯವಳಿಗೆ ಹೇಳ್ದೆ, ನೋಡೇ, ಎಂಥಾ ಧಾರಾಳದ ಜನ! ಹಣ್ಣು ತಿನ್ನಿ, ರುಚಿ ಹಿಡಿಸಿದ್ರೆ ಗಿಡಾನೂ ಮಾಡ್ಕೊಳ್ಳಿ ಅಂತ ಕಳಿಸಿದಾರೆ."

ಹದ್ದಕ್ಕ ಅಲ್ಲೇ ಒಂದು ಕಲ್ಲಿನ ಮೇಲೆ ಕೂತಳು.

ಒದ್ದೆ ಹತ್ತಿಯೂ ಅವಳದೇ ಉಪಾಯ. ಎಲೆ ಅಗಲವಾಗಿ, ಕಡುಹಸಿರಾಗಿ ಇರಬೇಕು ಎಂದು ತೋಟದ ಅತಿ ಒಳ್ಳೆಯ ಮರಗಳಿಂದಲೇ ಗೊಂಚಲು ಮುರಿಸುತ್ತಿದ್ದವಳೂ ಅವಳೇ. ಗೊಂಚಲು ಹೆಂಗಸರ ಬುಟ್ಟಿಯಲ್ಲಿ ನೇರ ಶೆಡ್ಡಿಗೆ, ಶೆಡ್ಡಿನಿಂದ ಪೆಟ್ಟಿಗೆಗೆ. ಕಸಿಯವರು ಆ ಕಡೆ ತಲೆ ಹಾಕುತ್ತಿರಲಿಲ್ಲ. ಅವರ ಕೆಲಸವೇನಿದ್ದರೂ ಮೇಲಿನ ಸಸಿತೋಟದಲ್ಲಿ. ಕಣಿವೆಯಲ್ಲಿ ಮೊಳೆ ಬಡಿದ ಪೆಟ್ಟಿಗೆ ಬಿಚ್ಚಿ ಹಣ್ಣು ತಿಂದ ಮನೆಯೇ ಇಲ್ಲ, ಎಲ್ಲರೂ ತಿನ್ನುವುದು ಆರಿಸಿ ಬಿಟ್ಟ ಹಣ್ಣನ್ನೇ. ಹೀಗೆ, ಅತ್ತ ಕಾವಲುಗಾರ ಒಣಕಲು ಕೊಂಬೆಗಳ ಬೂದಿ ಕೆದಕಿ ನೋಡುತ್ತಿದ್ದರೆ, ಇತ್ತ ಲಾರಿಗಟ್ಟಲೆ ಕಣ್ಣು ಊರೂರಿಗೆ ಹೋಗುತ್ತಿತ್ತು. ಅದು ರೆಂಬೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಅದು ಅಂದ, ಅಷ್ಟೇ. ಹದ್ದಿನ ಕಣ್ಣಿಗೂ ಬಿದ್ದಿರಲಿಲ್ಲ.

ನಗು ಬಂತು. ಹಿಂದೆಯೇ ಅಳು. ಮುದುಕ ಗಾಬರಿಯಾಗಿ ನೀರು ತಂದುಕೊಟ್ಟ.

"ನಾನೊಬ್ಬನೇ ಅಲ್ಲಮ್ಮ, ಈ ಸುತ್ತಿನಲ್ಲಿ ಎಲ್ಲರ ಹತ್ರನೂ ಇದೆ. ಯಾಕೆ, ತಪ್ಪಾಯ್ತಾ?" ಎಂದ. ಆಮೇಲೆ ಸಂಕೋಚದಿಂದ, "ನನ್ನ ಕೈ ಈಗ ನಡುಗುತ್ತೆ. ನಿಮ್ಮ ಕಡೆ ಕೈ ಚುರುಕಿರೋ ಕಸಿಯವರು ಯಾರಾದ್ರೂ ಇದ್ರೆ ಕಳಿಸಿಕೊಡಿ. ಇರೋಕೆ ಹಿಂದುಗಡೆ ಮನೆ ಇದೆ, ನೆರಳಿದೆ. ಮಗನ ಹಾಗೆ ನೋಡ್ಕೋತೀನಿ" ಎಂದ.

ವಾಪಸು ಬಂದವಳು ನೇರ ಅಧ್ಯಕ್ಷರ ಕಚೇರಿಗೆ ಹೋದಳು. ಎಲ್ಲ ಹೇಳಿದಳು. ಅಧ್ಯಕ್ಷರು ಎದ್ದು ಗಾಜಿನ ಬಾಗಿಲು ಹಾಕಿ ಬಂದು ಕೂತರು. ಪೇಪರ್ ವೇಟು ಒಂದು ಸುತ್ತು ತಿರುಗಿಸಿದರು.

"ಇದನ್ನ ಬೇರೆ ಯಾರಿಗೆ ಹೇಳಿದೀಯ?"

"ಯಾರಿಗೂ ಇಲ್ಲ. ಈಗ ಎಲ್ಲರಿಗೂ ಹೇಳ್ಬೇಕು. ನನ್ನ ತಮ್ಮನದೇನೂ ತಪ್ಪಿಲ್ಲ."

"ಹೇಳು. ಹೇಳಿದ ಮೇಲೆ ಏನಾಗುತ್ತೆ ಅಂತ ಒಂಚೂರು ಯೋಚನೆ ಮಾಡು." ಅವರ ದನಿ ಈಗಲೂ ಮೆತ್ತಗೇ ಇತ್ತು. "ಒಬ್ಬ ಕಳ್ಳ ಇದಾನೆ ಅಂದ್ರೆ, ಕಳ್ಳನ್ನ ಹೊರಗೆ ಹಾಕಿದ್ವಿ, ತೂತು ಮುಚ್ಚಿತು ಅಂತ ಜನ ನೆಮ್ಮದಿಯಾಗಿ ಮಲಗ್ತಾರೆ. ಕಳ್ಳನೇ ಇಲ್ಲ, ನಾವೇ ಊರೂರಿಗೆ ಹಂಚಿದ್ವಿ, ಈ ಹಣ್ಣು ಇನ್ನು ನಮ್ಮೊಬ್ಬರದಲ್ಲ ಅಂದ್ರೆ? ನಾಳೆಯಿಂದ ನಮ್ಮ ಪೆಟ್ಟಿಗೆ ಯಾರು ಕೊಳ್ತಾರೆ? ಆಸ್ಪತ್ರೆ ಹೊಸ ಕಟ್ಟಡ ಅರ್ಧಕ್ಕೆ ನಿಲ್ಲುತ್ತೆ. ಹಲ್ಲಿನ ಡಾಕ್ಟರು ಮೊದಲ ಬಸ್ಸಿಗೇ ಜಾಗ ಖಾಲಿ ಮಾಡ್ತಾನೆ. ನಿನ್ನ ಶೆಡ್ಡಿನ ಹೆಂಗಸರು ಮತ್ತೆ ಮೇಕೆ ಹಿಂದೆ ಹೋಗ್ತಾರೆ. ಹೋಗ್ಲಿ, ಆ ಗೊಂಚಲು ಶುರು ಮಾಡಿದ್ದು ಯಾರು ಅಂತ ಕೇಳಿದ್ರೆ ಏನು ಹೇಳ್ತೀಯಮ್ಮ?"

"ನಾನು ಅಂತಲೇ ಹೇಳ್ತೀನಿ."

"ನಿನ್ನ ತಮ್ಮ ಚಿಕ್ಕ ವಯಸ್ಸಿನವನು. ಎಲ್ಲಿ ಹೋದ್ರೂ ಬದುಕ್ಕೋತಾನೆ. ನೀನು ಬುದ್ಧಿವಂತೆ" ಎಂದು ಅಧ್ಯಕ್ಷರು ಕೈ ಮುಗಿದರು. ಅದು ಹೊರಡು ಎನ್ನುವ ಸೂಚನೆ.

ಆ ಮಾತು ಅವಳನ್ನು ಅಲ್ಲಾಡಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಮನೆಗೆ ಬಂದು ತನ್ನ ನಲ್ಲಿ ತಿರುಗಿಸಿದಳು, ನೀರು ಬಂತು. ಗುಡ್ಡದ ಅರ್ಧ ದಾರಿಯಲ್ಲಿ ಹೋದ ತಾಯಿ ನೆನಪಾದಳು. ಅಂಥ ಸಾವು ಈಗ ಕಣಿವೆಯಲ್ಲಿ ಇಲ್ಲ, ಅದಕ್ಕೆ ಕಾರಣ ಕಿತ್ತಳೆಯೇ. ಆದರೆ ಆ ತಾಯಿ ಕೊಟ್ಟುಹೋದ ಕೂಸು ಗೋಡೆಯಾಚೆ ಚಾಕು ಕಳೆದುಕೊಂಡು ಕೂತಿತ್ತು. ಛೇ, ಇನ್ನೇನು ಯೋಚನೆ ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಮರುದಿನದ ಸಭೆಯಲ್ಲಿ ಅವಳು ಮಾತಿಗೆ ಮುಂಚೆ ಕೆಲಸ ಮಾಡಿದಳು. ಲಾರಿಗೆ ಏರಿಸಲು ಜೋಡಿಸಿಟ್ಟಿದ್ದ ಪೆಟ್ಟಿಗೆಗಳಲ್ಲಿ ಒಂದನ್ನು ಎಳೆದು, ಸಲಾಕೆ ಹಾಕಿ ಮುಚ್ಚಳ ಮೀಟಿ, ಎಲೆಗೊಂಚಲನ್ನು ಎತ್ತಿ ಹಿಡಿದಳು. "ಕಳ್ಳ ಇಲ್ಲಿದಾನೆ ನೋಡಿ. ಇದನ್ನ ಪೆಟ್ಟಿಗೆಗೆ ಹಾಕಿದ್ದು ನಾನು. ಇದು ಬರೀ ಎಲೆಯಲ್ಲ, ಇದರ ತುಂಬ ಕಣ್ಣಿದೆ. ಇದರಿಂದಲೇ ಅವರು ಗಿಡ ಮಾಡಿಕೊಂಡಿರೋದು. ನನ್ನ ತಮ್ಮನದೇನೂ ತಪ್ಪಿಲ್ಲ. ನಾನು ಅವನ ಮೇಲೆ ಹೇಳಿದ್ದು ತಪ್ಪು. ಅವನ ಕಾಲಿಗೆ ಬೇಕಾದ್ರೂ ಬೀಳ್ತೀನಿ."

ಎಲ್ಲರೂ ಗೊಂಚಲನ್ನು ನೋಡಿದರು. ಒಂದು ಕ್ಷಣ ಎಲ್ಲರಿಗೂ ಅರ್ಥವಾಯಿತು, ಆ ಒಂದು ಕ್ಷಣ ಅವಳು ಮುಖಗಳಲ್ಲಿ ಅದನ್ನು ಕಂಡಳು. ಮುಂದಿನ ಸಾಲಿನ ತೋಟದವನು ಕಾಲ ಮೇಲಿನ ಕಾಲು ಇಳಿಸಿದ. ಅಧ್ಯಕ್ಷರ ಕಡೆ ನೋಡಿದ. ಅಧ್ಯಕ್ಷರು ತಲೆ ತಗ್ಗಿಸಿ ನಿಟ್ಟುಸಿರು ಬಿಟ್ಟರು, ಸಾವಿನ ಮನೆಯಲ್ಲಿ ಬಿಡುವ ಹಾಗೆ.

ಮೊದಲು ಮಾತಾಡಿದವಳು ಹಣ್ಣಿಗೆ ಮೇಣ ಹಚ್ಚುವವಳು. ಶೆಡ್ಡು ಶುರುವಾದ ದಿನದಿಂದ ಹದ್ದಕ್ಕನ ಪಕ್ಕ ಕೂತವಳು, ಅವಳ ಊಟದ ಡಬ್ಬಿಗೆ ಕೈ ಹಾಕುವಷ್ಟು ಸಲಿಗೆಯವಳು.

"ಅಕ್ಕ, ನಿನ್ನ ಸಂಕಟ ನಮಗೆ ಅರ್ಥ ಆಗುತ್ತೆ" ಎಂದಳು. "ನಮ್ಮ ತಮ್ಮ ಆಗಿದ್ರೂ ನಾವು ಹಿಂಗೇ ತಪ್ಪನ್ನ ತಲೆ ಮೇಲೆ ಹಾಕ್ಕೊಳ್ತಿದ್ವಿ."

"ಅಯ್ಯೋ, ಕಥೆ ಕಟ್ತಿಲ್ಲ ಕಣೇ! ಆಚೆ ಸಸಿಮಡಿಯ ಮುದುಕನೇ ಹೇಳ್ದ!"

"ಹೇಳಿಸಿರಬಹುದು" ಎಂದ ತೋಟದವನು. ಅವನ ದನಿಗೆ ಮತ್ತೆ ಜೀವ ಬಂದಿತ್ತು. "ಎಲೆಯಿಂದ ಗಿಡ ಆಗುತ್ತಾ? ಹಾಗಿದ್ರೆ ನಮ್ಮ ಮೇಕೆ ಹೊಟ್ಟೆಯಲ್ಲಿ ತೋಟ ಎದ್ದಿರ್ಬೇಕಿತ್ತು."

ಜನ ನಕ್ಕರು. ಎಷ್ಟು ಹಗುರಾಗಿ ನಕ್ಕರು ಎಂದರೆ, ಎದೆಯ ಮೇಲಿನ ಕಲ್ಲು ಇಳಿದವರ ಹಾಗೆ. ಕಸಿಯವರು ಮಾತ್ರ ನಗಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ತಮ್ಮನೂ ಅವನ ಹೆಂಡತಿಯೂ ವಾರದೊಳಗೆ ಕಣಿವೆ ಬಿಡಬೇಕೆಂದು ತೀರ್ಮಾನವಾಯಿತು. ಅವಳ ಮಾತನ್ನು ಯಾರೂ ನಂಬಲಿಲ್ಲ ಎಂದೇ ಎಲ್ಲರೂ ಹೇಳಿದರು. ಆದರೆ ಅಂದಿನಿಂದ ಪೆಟ್ಟಿಗೆಗೆ ಎಲೆಗೊಂಚಲು ಇಡುವುದು ನಿಂತುಹೋಯಿತು. ಯಾರು ನಿಲ್ಲಿಸಿದರು ಎಂದು ಯಾರೂ ಕೇಳಲಿಲ್ಲ.

ಹೊರಡುವ ದಿನ ಬೆಳಗ್ಗೆ ಹದ್ದಕ್ಕ ತಮ್ಮನ ಮನೆಗೆ ಹೋದಳು. ಮನಸ್ಸಿನಲ್ಲಿ ಒಂದು ಗಟ್ಟಿ ನಿರ್ಧಾರವಿತ್ತು: ಸಸಿಮಡಿಯ ಮುದುಕನ ವಿಳಾಸ ಹೇಳಬೇಕು. ಕಣಿವೆಗೆ ಅದು ದ್ರೋಹವೇ, ಆಗಲಿ. ಅಲ್ಲಿ ಮನೆ ಇದೆ, ಕೆಲಸ ಇದೆ, ಡಾಕ್ಟರಮ್ಮನೂ ಹತ್ತಿರದಲ್ಲೇ. ಆ ಹೊಟ್ಟೆಯಲ್ಲಿರುವ ಕೂಸು ಉಳಿಯಬೇಕಾದರೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಮನೆ ಅರ್ಧ ಖಾಲಿಯಾಗಿತ್ತು. ಗೋಡೆಯಲ್ಲಿ ಮೊಳೆಗಳು ಮಾತ್ರ ಉಳಿದಿದ್ದವು. ತಮ್ಮನ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು, ಏಳಲು ಹೋದವಳನ್ನು ಹದ್ದಕ್ಕ ತಡೆದಳು. "ನೀನು ಬಗ್ಗಬೇಡಮ್ಮ, ನಾನು ತುಂಬ್ತೀನಿ" ಎಂದು ಚೀಲದ ಮುಂದೆ ಕೂತು ಬಟ್ಟೆ ಮಡಿಸತೊಡಗಿದಳು. ತಮ್ಮ ಒಳಗಿನಿಂದ ಹಾಸಿಗೆ ಸುತ್ತಿಕೊಂಡು ಬಂದ.

ಅಂಗಿ, ಟವೆಲು, ಹೊದಿಕೆ. ಚೀಲದ ಬದಿಯಲ್ಲಿ, ಹಳೇ ಬಟ್ಟೆಯಲ್ಲಿ ಸುತ್ತಿದ ಉದ್ದನೆಯದೇನೋ ಕೈಗೆ ತಾಗಿತು. ಗಟ್ಟಿ. ಕಡ್ಡಿಯ ಹಾಗೆ. ಹದ್ದಕ್ಕನ ಬೆರಳು ನಿಂತಿತು. ಒತ್ತಿ ನೋಡಿತು. ಬಟ್ಟೆ ಒದ್ದೆಯಿದೆಯೇ ಎಂದು ಸವರಿ ನೋಡಿತು. ಅವಳಿಗೆ ಗೊತ್ತಿತ್ತು ಅವನು ನಿರಪರಾಧಿ ಎಂದು, ಅದನ್ನು ಊರಿನ ಮುಂದೆ ಕೂಗಿ ಹೇಳಿದವಳೇ ಅವಳು. ಆದರೂ ಕೈ ತಾನಾಗಿ ಗಂಟು ಬಿಚ್ಚಿತು.

ಲಟ್ಟಣಿಗೆ.

ತಲೆ ಎತ್ತಿದಳು. ತಮ್ಮ ಹಾಸಿಗೆ ಸುರುಳಿಯನ್ನು ತಬ್ಬಿಕೊಂಡೇ ನಿಂತಿದ್ದ. ಪೂರ್ತಿ ನೋಡಿದ್ದ.

"ಸಿಕ್ತಾ, ಅಕ್ಕ?"

ಅವಳ ಕಣ್ಣಲ್ಲಿ ನೀರು ಕಟ್ಟೆ ಒಡೆಯಿತು. ಲಟ್ಟಣಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಗಡಿಬಿಡಿಯಲ್ಲಿ ಹೇಳತೊಡಗಿದಳು. "ನೋಡು, ನಾನು ಬಂದಿದ್ದು ಅದಕ್ಕಲ್ಲ. ಕೇಳಿಲ್ಲಿ. ಗುಡ್ಡದ ಆಚೆ ಬಸ್ಸಿಳಿದು ಮಾರ್ಕೆಟ್ಟಿನ ಹಿಂದೆ ಹೋದ್ರೆ ಒಂದು ಸಸಿಮಡಿ ಇದೆ. ಹಸಿರು ಬಲೆ ಕಾಣುತ್ತೆ. ಅಲ್ಲಿ ಒಬ್ಬ ಮುದುಕ, ಒ‍ಳ್ಳೇ ಮನುಷ್ಯ. ಅವನಿಗೆ ಕಸಿಯವರು ಬೇಕು. ಮನೆ ಕೊಡ್ತಾನೆ. ನನ್ನ ಹೆಸರು ಹೇಳು, ಕಣಿವೆಯಿಂದ ಬಂದಿದ್ದ ಅಕ್ಕ ಕಳಿಸಿದಾಳೆ ಅನ್ನು. ಇವತ್ತೇ ಹೋಗ್ರೋ. ಇವಳನ್ನ ಎಲ್ಲೆಲ್ಲೋ ಅಲೆಸಬೇಡ ಈ ಸ್ಥಿತಿಯಲ್ಲಿ."

ತಮ್ಮನ ಹೆಂಡತಿಯ ಮುಖ ಒಂದಿಷ್ಟು ಅರಳಿತು. ಅವಳು ಗಂಡನ ಕಡೆ ನೋಡಿದಳು.

ತಮ್ಮ ಹಾಸಿಗೆಯನ್ನು ಕೆಳಗಿಟ್ಟ. ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಅವಳ ಮುಖವನ್ನೇ ನೋಡಿದ. ಬಿಸಿಲಿಗೆ ಹಿಡಿದು, ತಿರುಗಿಸಿ, ಎಲ್ಲಾದರೂ ಉಗುರು ತಾಗಿದೆಯೇ ಎಂದು ಹಣ್ಣನ್ನು ನೋಡುವ ಹಾಗೆ. ಆ ನೋಟ ಅವನಿಗೆ ಎಲ್ಲಿಂದ ಬಂತು ಎಂದು ಅವಳಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ.

"ಅಲ್ಲಿಗೆ ಹೋಗು ಅಂತ ಹೇಳಿಕಳಿಸಿದ್ದು ಯಾರು?" ಎಂದ, ತಣ್ಣಗೆ. "ಅಧ್ಯಕ್ಷರಾ?"

"ಅಯ್ಯೋ! ಇಲ್ಲ ಕಣೋ, ನಾನೇ. ನಿನ್ನಾಣೆ!"

"ನಾನು ಅಲ್ಲಿಗೇ ಹೋದ್ರೆ ನಾಳೆ ಎಲ್ಲರಿಗೂ ತೋರಿಸ್ಬಹುದು, ಅಲ್ವಾ? ನೋಡಿ, ಕಳ್ಳ ತಾನಾಗೇ ತನ್ನ ಜಾಗಕ್ಕೆ ಹೋದ ಅಂತ."

ಅವನ ಜಾಗದಲ್ಲಿ ತಾನಿದ್ದಿದ್ದರೆ ಹದ್ದಕ್ಕನೂ ಹಾಗೇ ಅಂದುಕೊಳ್ಳುತ್ತಿದ್ದಳು.

ಅವನು ಅವಳ ಕೈಯಿಂದ ಲಟ್ಟಣಿಗೆ ತೆಗೆದುಕೊಂಡು, ಮೊದಲಿನ ಹಾಗೇ ಬಟ್ಟೆ ಸುತ್ತಿ ಚೀಲಕ್ಕೆ ಹಾಕಿದ. ಹೆಂಡತಿಗೆ ಕೈ ಕೊಟ್ಟು ಎಬ್ಬಿಸಿದ. ಗಂಡ ಹೆಂಡತಿ ಬೀದಿಗಿಳಿದು ಗುಡ್ಡದಾಚೆ ಹೋಗುವ ಬಸ್ಸನ್ನು ಬಿಟ್ಟು, ಎದುರು ದಿಕ್ಕಿನ ಬಸ್ಸಿಗೆ ಕೈ ಅಡ್ಡ ಹಿಡಿದರು.